ಅವ್ವನ ಹೆಸರಿಗೆ ಓದಿಸಿದ್ದು

ಮದುವೆಗೆ ಹೋಗುವ ದಿನ ಬೆಳಿಗ್ಗೆ ಅವ್ವ ಮೊದಲು ಮಾಡುತ್ತಿದ್ದ ಕೆಲಸವೆಂದರೆ ಸೆರಗಿನ ತುದಿಗೆ ದುಡ್ಡು ಗಂಟು ಹಾಕಿಕೊಳ್ಳುವುದು. ತಲೆ ಬಾಚುವುದು, ನನಗೆ ಲಂಗ ಕಟ್ಟುವುದು ಎಲ್ಲ ಆಮೇಲೆ. ಎಂಟಾಣೆಯೋ ಹನ್ನೆರಡಾಣೆಯೋ, ಕೆಲಸ ಚೆನ್ನಾಗಿ ಸಿಕ್ಕಿದ ತಿಂಗಳಾದರೆ ಒಂದು ರೂಪಾಯಿಯೋ ಇರುತ್ತಿತ್ತು. ಮದುವೆ ಮನೆಯ ಚಪ್ಪರದ ಹೊರಗೆ ನಿಂತು ಆ ಗಂಟನ್ನು ಬಿಚ್ಚಿ ದೊಡ್ಡಪ್ಪನ ಕೈಗೆ ಕೊಡುತ್ತಿದ್ದಳು. ದೊಡ್ಡಪ್ಪ ಅಂದರೆ ನಮ್ಮಪ್ಪನ ಅಣ್ಣ. ಅವರು ಅದನ್ನು ಜೇಬಿಗೆ ಹಾಕಿಕೊಂಡು ಒಳಗೆ ಹೋಗುತ್ತಿದ್ದರು. ಅವ್ವ ಅಡುಗೆ ಒಲೆಯ ಕಡೆಗೆ ಹೋಗುತ್ತಿದ್ದಳು.

ನನಗೆ ಆರು ವರ್ಷವಾಗಿದ್ದಾಗ ಅಪ್ಪ ತೀರಿಕೊಂಡಿದ್ದರು. ಗಂಡ ಸತ್ತವಳು ಹಸೆಮಣೆಯ ಮುಂದೆ ಸುಳಿಯುವಂತಿರಲಿಲ್ಲ. ಸುಳಿಯದೆ ಹೋದರೂ ಮುಯ್ಯಿ ಮಾತ್ರ ತಪ್ಪಿಸುವಂತಿರಲಿಲ್ಲ. ಈ ನ್ಯಾಯ ಯಾರು ಮಾಡಿದರೋ ಅವರ ಕೈಗೆ ಒಂದು ಮೂಟೆ ಕಡಲೆಕಾಯಿ ಕೊಟ್ಟು ಸುಲಿಯಲು ಕೂರಿಸಬೇಕು ಎಂದು ನನಗೆ ಈಗಲೂ ಅನ್ನಿಸುತ್ತದೆ. ಅವ್ವ ಮಾಡುತ್ತಿದ್ದುದು ಅದೇ ಕೆಲಸ. ಮಧುಗಿರಿಯ ಮಂಡಿಯೊಂದರಲ್ಲಿ ಕೂತು ದಿನವೆಲ್ಲ ಕಡಲೆಕಾಯಿ ಸುಲಿಯುತ್ತಿದ್ದಳು. ಹೆಬ್ಬೆರಳಿನ ಉಗುರು ಸವೆದು ಅರ್ಧವಾಗಿತ್ತು. ಸೆರಗಿನ ಗಂಟಿನಲ್ಲಿ ಇರುತ್ತಿದ್ದುದು ಆ ಉಗುರಿನ ದುಡ್ಡು.

ಮುಯ್ಯಿ ಎಂದರೆ ನಮ್ಮ ಕಡೆ ಮದುವೆಯಲ್ಲಿ ಕೊಡುವ ದುಡ್ಡು. ಅವರು ನಮ್ಮ ಮನೆಯ ಮದುವೆಗೆ ಕೊಟ್ಟಿದ್ದನ್ನು ನಾವು ಅವರ ಮನೆಯ ಮದುವೆಯಲ್ಲಿ ಹಿಂದಿರುಗಿಸಬೇಕು, ಅದೂ ಸ್ವಲ್ಪ ಮೇಲೆ ಹಾಕಿ. ಬಂದಷ್ಟೇ ವಾಪಸು ಕೊಟ್ಟರೆ ಇನ್ನು ನಿಮಗೂ ನಮಗೂ ಮುಗಿಯಿತು ಎಂದು ಹೇಳಿದ ಹಾಗೆ. ಕಡಿಮೆ ಕೊಟ್ಟರಂತೂ ಆ ಮನೆಯವರು ಮೂರು ತಲೆಮಾರು ಅದನ್ನೇ ಆಡಿಕೊಳ್ಳುತ್ತಾರೆ. ಸೇಡಿಗೂ ಮುಯ್ಯಿ ಎಂದೇ ಹೆಸರಿದೆಯಲ್ಲ, ಅದು ಸುಮ್ಮನೆ ಬಂದಿದ್ದಲ್ಲ. ಧಾರೆ ಮುಗಿದ ಮೇಲೆ ಗಂಡಿನ ಕಡೆಯದೊಂದು, ಹೆಣ್ಣಿನ ಕಡೆಯದೊಂದು ತಟ್ಟೆ ಇಡುತ್ತಾರೆ. ತಟ್ಟೆಯ ಪಕ್ಕದಲ್ಲಿ ಅಕ್ಷರ ಬಲ್ಲವರೊಬ್ಬರು ಪುಸ್ತಕ ಹಿಡಿದು ಕೂತು, ಯಾರು ಯಾರ ಹೆಸರಿಗೆ ಎಷ್ಟು ಕೊಟ್ಟರು ಎಂದು ಬರೆದುಕೊಂಡು ಚಪ್ಪರಕ್ಕೆಲ್ಲ ಕೇಳುವಂತೆ ಗಟ್ಟಿಯಾಗಿ ಓದುತ್ತಾರೆ. ಓದಿಸಿಕೊಳ್ಳದ ಮುಯ್ಯಿ ಕೊಟ್ಟಂತೆಯೇ ಅಲ್ಲ.

ಅವ್ವ ಕೊಟ್ಟಿದ್ದು ಒಂದು ಸಲವೂ ಅವಳ ಹೆಸರಿನಲ್ಲಿ ಓದಲ್ಪಡಲಿಲ್ಲ. ದೊಡ್ಡಪ್ಪನ ಹೆಸರು, ಎರಡು ರೂಪಾಯಿ. ಪ್ರತಿ ಸಲವೂ ಅಷ್ಟೇ. ನನಗೆ ಎಂಟೋ ಒಂಬತ್ತೋ ವರ್ಷವಿದ್ದಾಗ ಒಂದು ಮದುವೆಯಲ್ಲಿ ಹಾಗೆ ಓದಿದ ಕೂಡಲೇ ನಾನು ಎದ್ದು ನಿಂತು, "ಅದ್ರಾಗೆ ನಮ್ಮವ್ವಂದೂ ಐತೆ" ಎಂದು ಕೂಗಿಬಿಟ್ಟೆ. ಜನ ನಕ್ಕರು. ದೊಡ್ಡಮ್ಮ ನನ್ನ ತೊಡೆ ಜಿಗುಟಿದ ಜಾಗ ನಾಲ್ಕು ದಿನ ನೀಲಿಯಾಗಿತ್ತು. ಅವ್ವ ಬೈಯಲಿಲ್ಲ, ಎಣ್ಣೆ ಹಚ್ಚಿದಳು. "ಅಂಗೆಲ್ಲ ಕೂಗಬಾರ್ದು ಕಣವ್ವಾ" ಎಂದಳು, ಅಷ್ಟೇ.

ಅವ್ವನಿಗೆ ಈ ವಿಷಯದಲ್ಲಿ ಏನೂ ಅನ್ನಿಸುತ್ತಿರಲಿಲ್ಲವೇನೋ ಎಂದು ನಾನು ಬಹಳ ದಿನ ಅಂದುಕೊಂಡಿದ್ದೆ. ಹಾಗಲ್ಲ ಎಂದು ನಾನು ಮಾಧ್ಯಮಿಕ ಶಾಲೆಗೆ ಹೋಗುತ್ತಿದ್ದ ವರ್ಷ ಗೊತ್ತಾಯಿತು. ಅವ್ವನ ತವರೂರು ಗೌಡಗೆರೆ. ತವರಿನಲ್ಲಿ ಅವಳನ್ನು ಕರೆಯುವವರು ಯಾರೂ ಉಳಿದಿರಲಿಲ್ಲ, ದೂರದ ನೆಂಟರಿದ್ದರು. ಅವರ ಮನೆಯ ಮದುವೆ ಮುಗಿದ ಮಾರನೆಯ ದಿನ ಎಲ್ಲರೂ ಊಟಕ್ಕೆ ಕೂತಿದ್ದಾಗ ಅವ್ವ ನನ್ನನ್ನು ನಡುಮನೆಗೆ ಕರೆದುಕೊಂಡು ಹೋದಳು. ಗೂಡಿನಲ್ಲಿ ಮುಯ್ಯಿ ಪುಸ್ತಕ ಇತ್ತು. ಅದನ್ನು ತೆಗೆದು ನನ್ನ ಕೈಗೆ ಕೊಟ್ಟು, "ನನ್ನೆಸರು ಎಲ್ಲಾದ್ರೂ ಐತಾ ನೋಡವ್ವಾ" ಎಂದಳು.

ನಾನು ಒಂದೊಂದೇ ಹಾಳೆ ತಿರುವಿದೆ. ಅವ್ವ ಓದು ಬಾರದ ಕಣ್ಣಿನಲ್ಲಿ ನನ್ನ ಬೆರಳನ್ನೇ ನೋಡುತ್ತ ಕೂತಿದ್ದಳು. ಕೊನೆಯ ಹಾಳೆಯವರೆಗೂ ಹೋಗಿ, ಮತ್ತೆ ಮೊದಲಿನಿಂದ ನೋಡಿದೆ. ಸುಳ್ಳು ಹೇಳಬಹುದಿತ್ತು. ಅವಳಿಗೆ ಗೊತ್ತಾಗುತ್ತಿರಲಿಲ್ಲ. ಆದರೆ ನನಗೆ ಬಾಯಿ ಬರಲಿಲ್ಲ.

"ಇಲ್ಲ ಕಣವ್ವಾ."

"ಹೋಗ್ಲಿ ಬುಡು" ಎಂದು ಪುಸ್ತಕವನ್ನು ಇದ್ದ ಜಾಗದಲ್ಲೇ ಇಟ್ಟಳು. ಊಟಕ್ಕೆ ಕೂತಾಗ ಎರಡು ತುತ್ತು ತಿಂದು ಎದ್ದಳು. ಅವತ್ತೇ ನಾನು ತೀರ್ಮಾನ ಮಾಡಿದೆ. ನನ್ನ ಮದುವೆ ಯಾವಾಗಲಾದರೂ ಆಗಲಿ, ಯಾರ ಜೊತೆಗಾದರೂ ಆಗಲಿ, ಆ ಚಪ್ಪರದಲ್ಲಿ ನಮ್ಮವ್ವನ ಹೆಸರನ್ನು ಗಟ್ಟಿಯಾಗಿ ಓದಿಸಬೇಕು. ಗಂಡು ಯಾರು ಎನ್ನುವುದಕ್ಕಿಂತ ಎಷ್ಟೋ ಮೊದಲು ನನಗೆ ನನ್ನ ಮದುವೆಯ ಬಗ್ಗೆ ಗೊತ್ತಿದ್ದ ವಿಷಯ ಇದೊಂದೇ.

ಮದುವೆ ಬಂದಿದ್ದು ಅರವತ್ತರ ದಶಕ ಶುರುವಾದ ಮೇಲೆ. ಆಣೆ ಹೋಗಿ ನಯಾಪೈಸೆ ಬಂದಿತ್ತು. ನಾನು ಟ್ರೈನಿಂಗ್ ಮುಗಿಸಿ ಪ್ರೈಮರಿ ಶಾಲೆಯಲ್ಲಿ ಮೇಡಂ ಆಗಿದ್ದೆ. ಗಂಡು ಕೊರಟಗೆರೆ ತಾಲ್ಲೂಕಿನವರು, ಸಿದ್ದರಬೆಟ್ಟದ ಹತ್ತಿರದ ಹಳ್ಳಿ, ಅವರೂ ಮೇಷ್ಟರೇ. ಅಷ್ಟರಲ್ಲಿ ದೊಡ್ಡಪ್ಪನ ಮನೆಯಲ್ಲಿ ಮೂರು ಮದುವೆ ಆಗಿಹೋಗಿತ್ತು. ಅವ್ವ ಅಷ್ಟು ವರ್ಷ ಕೊಟ್ಟಿದ್ದೆಲ್ಲ, ಮೇಲೆ ಹಾಕಿದ್ದೂ ಸೇರಿ, ಆ ಮೂರು ಮದುವೆಗಳಲ್ಲಿ ದೊಡ್ಡಪ್ಪನ ತಟ್ಟೆಗೆ ಬಂದಿತ್ತು. ನನಗೆ ಬೇಕಾಗಿದ್ದುದು ದುಡ್ಡಲ್ಲ ಎಂದು ಹೇಳಿದರೆ ದೊಡ್ಡ ಮಾತಾಗುತ್ತದೆ. ದುಡ್ಡೂ ಬೇಕಾಗಿತ್ತು. ಆದರೆ ಹೆಸರು ಅದಕ್ಕಿಂತ ಹೆಚ್ಚು ಬೇಕಾಗಿತ್ತು.

ದೊಡ್ಡಪ್ಪ ಬಂದು ಜಗಲಿಯ ಮೇಲೆ ಕೂತು ಎಲ್ಲ ವ್ಯವಸ್ಥೆ ಹೇಳಿದರು. ಲಗ್ನಪತ್ರಿಕೆ ಅವರ ಹೆಸರಿನಲ್ಲಿ. ಮುಯ್ಯಿ ತಟ್ಟೆಯ ಹತ್ತಿರ ಅವರೇ ಕೂರುವುದು.

"ಪತ್ರಿಕೆ ನಿಮ್ಮ ಹೆಸರಲ್ಲೇ ಇರ್ಲಿ ದೊಡ್ಡಪ್ಪಾ" ಎಂದೆ. "ಮುಯ್ಯಿ ಅವ್ವನ ಹೆಸರಿಗೆ ಓದಿಸಬೇಕು."

"ಗಂಡ ಇಲ್ದೋಳ ಹೆಸರ್ನ ಹಸೆ ಮುಂದೆ ಓದ್ತಾರೇನೇ? ಎಲ್ಲಾದ್ರೂ ಕೇಳಿದೀಯಾ ನೀನು?"

"ಕೇಳಿಲ್ಲ. ಅದಕ್ಕೇ ಕೇಳಬೇಕು ಅಂತ."

ದೊಡ್ಡಪ್ಪ ನನ್ನ ಮುಖವನ್ನೇ ನೋಡಿದರು. "ಲೇ, ನಿಮ್ಮವ್ವ ಎಂಟಾಣೆ ಕೊಟ್ರೆ ನಾನು ಒಂದೂವರೆ ರೂಪಾಯಿ ಸೇರಿಸಿ ಎರಡು ಮಾಡಿ ಓದಿಸ್ತಿದ್ದೆ. ಅದು ಗೊತ್ತಾ ನಿಂಗೆ? ಎಂಟಾಣೆ ಅಂತ ಕೂಗಿಸಿದ್ರೆ ಮನೆ ಮರ್ವಾದೆ ಏನಾಗ್ಬೇಕಿತ್ತು?"

ಅದು ನನಗೆ ಗೊತ್ತಿರಲಿಲ್ಲ. ಅಷ್ಟು ವರ್ಷ ನಾನು ದೊಡ್ಡಪ್ಪನನ್ನು ಮನಸ್ಸಿನಲ್ಲೇ ಕಳ್ಳ ಎಂದು ಬೈದುಕೊಂಡಿದ್ದೆ, ಅದು ಅನ್ಯಾಯವಾಗಿತ್ತು. ಒಪ್ಪಿಕೊಳ್ಳುತ್ತೇನೆ. ಆದರೆ ಹಠ ಹಿಡಿದವಳಿಗೆ ನ್ಯಾಯ ಅನ್ಯಾಯ ನಿಧಾನವಾಗಿ ತಲೆಗೆ ಹತ್ತುತ್ತದೆ.

"ಎಂಟಾಣೆ ಅಂತಲೇ ಓದಿಸಬೇಕಾಗಿತ್ತು ದೊಡ್ಡಪ್ಪಾ. ಎಂಟಾಣೆ ಕೊಟ್ಟೋಳಿಗೆ ಅದು ಎಂಟಾಣೇನೇ."

ದೊಡ್ಡಪ್ಪ ಹೆಗಲ ಮೇಲಿನ ವಲ್ಲಿ ಕೊಡವಿ ಎದ್ದು ಹೋದರು. ಅವ್ವ ಒಳಗಿನಿಂದ ಬಂದು, "ಬ್ಯಾಡ ಬುಡವ್ವಾ, ಅವರು ಒಲ್ಲೆ ಅಂದ್ರೆ ಚಪ್ಪರ ಹಾಕೋರು ಯಾರು?" ಎಂದಳು. ಅವಳ ಭಯ ನಿಜವಾದದ್ದೇ. ನಾನು ಮಾತ್ರ, "ನಿನ್ನ ಹೆಸರು ಓದದಿದ್ರೆ ನಾನು ಹಸೆ ಮೇಲೆ ಕೂರಲ್ಲ" ಎಂದುಬಿಟ್ಟೆ.

ಪತ್ರಿಕೆ ಅಚ್ಚು ಹಾಕಿಸಲು ನಾನೇ ಹೋದೆ. ಪೇಟೆಬೀದಿಯಲ್ಲಿ ಒಂದು ಸಣ್ಣ ಪ್ರೆಸ್ಸಿತ್ತು. ಅದರ ಯಜಮಾನರು ಮೂಲತಃ ಪಾವಗಡದ ಕಡೆಯವರು, ಕನ್ನಡ ಮಾತಾಡುತ್ತ ಮಾತಾಡುತ್ತ ತೆಲುಗಿಗೆ ಜಾರಿಬಿಡುತ್ತಿದ್ದರು. ಮದುವೆಯ ಹುಡುಗಿಯೇ ಪತ್ರಿಕೆ ಬರೆದುಕೊಂಡು ಬಂದದ್ದನ್ನು ಅವರು ಅದಕ್ಕೆ ಮೊದಲು ನೋಡಿರಲಿಲ್ಲ. ಮೇಲಿನದೆಲ್ಲ ಎಲ್ಲರ ಪತ್ರಿಕೆಯ ಹಾಗೇ ಇತ್ತು. ಕೆಳಗೆ ನಾನು ಒಂದು ಸಾಲು ಸೇರಿಸಿದ್ದೆ: "ಮುಯ್ಯಿ ಮಾಡುವವರು ವಧುವಿನ ತಾಯಿಯ ಹೆಸರಿಗೇ ಮಾಡತಕ್ಕದ್ದು."

ಅವರು ಕನ್ನಡಕ ಹಣೆಗೆ ಏರಿಸಿ ಓದಿದರು. "ಏಮಮ್ಮಾ, ಇದು ಲಗ್ನಪತ್ರಿಕೇನಾ, ಕಂದಾಯದ ನೋಟೀಸಾ? 'ಮಾಡತಕ್ಕದ್ದು' ಅಂದ್ರೆ ಜನ ಮದುವೆಗೇ ಬರಲ್ಲ."

"ಮತ್ತೆ ಹೆಂಗೆ ಬರೀಲಿ?"

"ಬೆಂಗಳೂರು ಕಡೆಯವರು ಈಗ ಒಂದು ಸಾಲು ಹಾಕಿಸ್ತಾರೆ ನೋಡಿ, ಭಾಳ ಚೆಂದ. ನಿಮ್ಮ ಆಶೀರ್ವಾದವೇ ಉಡುಗೊರೆ, ಅಂತ. ಅದನ್ನ ಹಾಕಲಾ?"

"ಬೇಡ. ನಮ್ಮವ್ವ ಹದಿನಾಲ್ಕು ವರ್ಷ ಆಶೀರ್ವಾದ ಕೊಟ್ಟು ಸುಮ್ಮನಾಗಿಲ್ಲ."

ಅವರು ನಕ್ಕರು. ನಾವಿಬ್ಬರೂ ಅರ್ಧ ದಿನ ಆ ಒಂದು ಸಾಲಿನ ಜೊತೆ ಗುದ್ದಾಡಿದೆವು. ಕೇಳುವುದನ್ನು ಕೇಳಬೇಕು, ಕೇಳಿದ ಹಾಗೆ ಕಾಣಬಾರದು. ದುಡ್ಡು ಎಂದರೆ ಒರಟು, ಉಡುಗೊರೆ ಎಂದರೆ ಹಿತ್ತಾಳೆ ಚೊಂಬು ತಂದುಕೊಡುತ್ತಾರೆ, ಕಾಣಿಕೆ ಎಂದರೆ ದೇವರ ಹುಂಡಿ. ಮುಯ್ಯಿ ಎಂಬ ಮಾತನ್ನು ಬಾಯಲ್ಲಿ ಆಡಬಹುದೇ ಹೊರತು ಅರಿಶಿನ ಹಚ್ಚುವ ಕಾಗದದ ಮೇಲೆ ಅಚ್ಚು ಹಾಕಿದರೆ ಕೈ ಚಾಚಿದ ಹಾಗಾಗುತ್ತದೆ ಎಂದು ಅವರು ಪಟ್ಟು ಹಿಡಿದರು. ನಾಚಿಕೆಪಡಬೇಕಾದವರು ಕೇಳಿದವರೋ ಕೇಳುವ ಹಾಗೆ ಮಾಡಿದವರೋ ಎಂದು ನಾನು ಜಗಳಕ್ಕೆ ನಿಂತೆ. ಕೊನೆಗೆ ಅವರಿಗೇ ಹೊಳೆಯಿತು.

"ನಮ್ಮ ಪಾವಗಡದ ಕಡೆ ಚದಿವಿಂಪುಲು ಅಂತಾರಮ್ಮಾ. ಅಂದ್ರೆ ಓದಿಸೋದು. ಮುಯ್ಯಿ ಅನ್ನೋ ಮಾತೇ ಬೇಡ. ದುಡ್ಡಿನ ಸುದ್ದೀನೇ ಇರಲ್ಲ. ಓದಿಸುವವರು ಅಂತ ಹಾಕೋಣ, ಗೊತ್ತಿರೋರಿಗೆ ಗೊತ್ತಾಗ್ತದೆ."

ನಮ್ಮೂರಿನಲ್ಲೂ ಮುಯ್ಯಿ ಓದಿಸಿದರು ಎನ್ನುತ್ತಾರಲ್ಲ, ಸರಿ ಎನ್ನಿಸಿತು. ಅವರು ಮೊಳೆ ಜೋಡಿಸಿದರು. "ವಿ. ಸೂ.: ಓದಿಸುವವರು ವಧುವಿನ ತಾಯಿಯ ಹೆಸರಿನಲ್ಲೇ ಓದಿಸಬೇಕಾಗಿ ವಿನಂತಿ." ಮಸಿ ಇನ್ನೂ ಹಸಿಯಾಗಿದ್ದ ಮೊದಲ ಪ್ರತಿಯನ್ನು ಹಿಡಿದುಕೊಂಡು ನಾನು ಹಿಗ್ಗಿ ಹೋದೆ. ಇಷ್ಟು ನಾಜೂಕಾಗಿ ಯಾರೂ ಮುಯ್ಯಿ ಕೇಳಿರಲಿಕ್ಕಿಲ್ಲ ಎಂದು ಬೀಗುತ್ತ ಮನೆಗೆ ಬಂದೆ.

ಪತ್ರಿಕೆ ಹಂಚಿದ ನಾಲ್ಕನೆಯ ದಿನ ಮಧ್ಯಾಹ್ನ ಕೊರಟಗೆರೆ ಬಸ್ಸಿನಿಂದ ಗಂಡಿನ ತಂದೆ ಇಳಿದರು. ಬೀಗರಾಗುವವರು ಮುನ್ಸೂಚನೆ ಇಲ್ಲದೆ ಒಬ್ಬರೇ ಬಂದರೆ ಏನೋ ಎಡವಟ್ಟಾಗಿದೆ ಎಂದೇ ಅರ್ಥ. ಅವ್ವ ಓಡಿಹೋಗಿ ದೊಡ್ಡಪ್ಪನನ್ನು ಕರೆತಂದಳು. ಕೊಟ್ಟ ನೀರನ್ನೂ ಮುಟ್ಟದೆ ಬೀಗರು ಪತ್ರಿಕೆಯನ್ನು ಚಾಪೆಯ ಮೇಲಿಟ್ಟರು.

"ಇದೇನು ಸ್ವಾಮಿ, ಮಾತುಕತೆಲಿ ಇಲ್ದೇ ಇದ್ದಿದ್ದನ್ನ ಅಚ್ಚು ಹಾಕ್ಸಿದೀರಿ?"

ದೊಡ್ಡಪ್ಪ ಬಾಗಿಲ ಸಂದಿಯಲ್ಲಿದ್ದ ನನ್ನ ಕಡೆ ಒಂದು ನೋಟ ಎಸೆದರು. 'ಅನುಭವಿಸು' ಎನ್ನುವ ನೋಟ.

ಬೀಗರು ಬೆರಳಿಟ್ಟು ತೋರಿಸಿದರು. "ಹುಡುಗಿ ಟ್ರೈನಿಂಗ್ ಮುಗಿಸಿ ಕೆಲ್ಸಕ್ಕೇ ಸೇರವ್ಳೆ. ಇನ್ನೂ ಓದಿಸಬೇಕು ಅಂದ್ರೆ ಹೆಂಗೆ? ಓದಿಸೋಣ, ಬ್ಯಾಡ ಅನ್ನಲ್ಲ. ಆದ್ರೆ ಫೀಜು ಕಟ್ಟೋರು ನಾವು, ಹೆಸರು ಮಾತ್ರ ಅವರವ್ವಂದಾ? ಊರಾಗೆ ಎಲ್ರೂ ಕೇಳ್ತಾವ್ರೆ, ಸೊಸೇನ ಕಾಲೇಜಿಗೆ ಕಳಿಸ್ತೀರಂತೆ, ಷರತ್ತು ಆಗೈತಂತೆ ಅಂತ."

ಒಂದು ನಿಮಿಷ ಯಾರಿಗೂ ಏನೂ ಅರ್ಥವಾಗಲಿಲ್ಲ. ಆಮೇಲೆ ನನಗೆ ಹೊಳೆಯಿತು. ಅವರ ಊರಿನಲ್ಲಿ ಮುಯ್ಯಿಗೆ ಮುಯ್ಯಿ ಎಂದೇ ಹೇಳುತ್ತಿದ್ದರು. ಓದಿಸುವುದು ಎಂದರೆ ಅವರಿಗೆ ಸ್ಲೇಟು, ಬಳಪ, ಸ್ಕೂಲು. ಅಷ್ಟು ನಾಜೂಕು ಮಾಡಿದ ಸಾಲು ಬೆಟ್ಟ ದಾಟುವಷ್ಟರಲ್ಲಿ ಕಾಲೇಜಿನ ಫೀಜಾಗಿಬಿಟ್ಟಿತ್ತು.

ನನಗೆ ನಗು ತಡೆಯಲಾಗಲಿಲ್ಲ. ನಗುವ ಹೊತ್ತಲ್ಲ ಅದು, ಸಂಬಂಧ ಮುರಿಯುವ ಹೊತ್ತು, ಆದರೂ ತಡೆಯಲಾಗಲಿಲ್ಲ. ದೊಡ್ಡಪ್ಪ ಅರ್ಥ ಬಿಡಿಸಿ ಹೇಳಿದರು. ಹೇಳಿ ಮುಗಿಸಿ, "ಹುಡುಗು ಬುದ್ಧಿ, ತಪ್ಪಾಯ್ತು. ಆ ಸಾಲಿನ ಮೇಲೆ ಮಸಿ ಬಳಿಸಿಬಿಡ್ತೀನಿ" ಎಂದರು. ಅವ್ವ ಒಳಗಿನಿಂದಲೇ, "ಬಳಿಸಿಬುಡಿ ಭಾವಾ" ಎಂದಳು.

ನಾನು ಬಾಗಿಲು ದಾಟಿ ಮುಂದೆ ಬಂದೆ. ಮದುವೆಯ ಹುಡುಗಿ ಮಾವನಾಗುವವರ ಎದುರು ಹಾಗೆ ಬಂದು ನಿಲ್ಲುವ ಪದ್ಧತಿ ಇರಲಿಲ್ಲ. "ಮಸಿ ಬಳಿಯೋದು ಬೇಡ" ಎಂದೆ. "ನಮ್ಮವ್ವ ಅಪ್ಪ ಹೋದಾಗಿನಿಂದ ಒಂದು ಮದುವೇನೂ ಬಿಡದೆ ಮುಯ್ಯಿ ಕೊಟ್ಟವಳೆ. ಒಂದು ಸಲಾನೂ ಅವಳ ಹೆಸರು ಯಾರೂ ಓದಿಲ್ಲ. ನನ್ನ ಮದುವೇಲಿ ಓದಬೇಕು. ನಿಮ್ಮ ಮನೆಗೆ ಅದ್ರಿಂದ ಒಂದು ಕಾಸೂ ಖರ್ಚಿಲ್ಲ."

ಬೀಗರು ನನ್ನನ್ನು ನೋಡಿದರು, ಪತ್ರಿಕೆಯನ್ನು ನೋಡಿದರು. ಆಮೇಲೆ ನೀರಿನ ಚೊಂಬು ಎತ್ತಿಕೊಂಡು ಗಟಗಟ ಕುಡಿದರು.

"ಅಷ್ಟೇನಾ? ಫೀಜಲ್ವಾ? ಮೂರು ದಿನದಿಂದ ನಮ್ಮನೇಲಿ ಯಾರೂ ನೆಟ್ಟಗೆ ಊಟ ಮಾಡಿಲ್ಲ ಕಣಮ್ಮ." ಅವ್ವ ಮುದ್ದೆ ಬಡಿಸಿದಳು. ಅವರು ಎರಡು ಮುದ್ದೆ ಉಂಡು ಸಂಜೆ ಬಸ್ಸಿಗೆ ಹೊರಟರು. ಹೋಗುವಾಗ ಮಸಿಯ ಮಾತು ಎತ್ತಲಿಲ್ಲ. ಎತ್ತದಿದ್ದುದೇ ಒಪ್ಪಿಗೆ ಎಂದು ನಾನು ತಿಳಿದುಕೊಂಡೆ.

ಮದುವೆ ನಮ್ಮ ಮನೆಯ ಮುಂದಿನ ಚಪ್ಪರದಲ್ಲೇ ಆಯಿತು. ದೊಡ್ಡಪ್ಪ ಸಿಟ್ಟಿನಲ್ಲೇ ಚಪ್ಪರ ಹಾಕಿಸಿದ್ದರು, ಸಿಟ್ಟಿನಲ್ಲೇ ಅಕ್ಕಿ ಮೂಟೆ ತರಿಸಿದ್ದರು. ಧಾರೆ ಮುಗಿಯಿತು. ತಟ್ಟೆಗಳು ಬಂದವು. ನಮ್ಮ ಕಡೆಯ ಪುಸ್ತಕ ಹಿಡಿದು ಕೂತವರು ಹಳೆಯ ಶಾನುಭೋಗರು, ಅವರ ಗಂಟಲು ಬೆಟ್ಟದ ತುದಿಗೂ ಕೇಳುವಂಥದ್ದು. ದೊಡ್ಡಪ್ಪ ತಟ್ಟೆಯ ಪಕ್ಕದಲ್ಲಿ ಕೂತರು. ನಾನು ಬಾಸಿಂಗ ಕಟ್ಟಿಕೊಂಡು ತಲೆ ತಗ್ಗಿಸಿ ಹಸೆಯ ಮೇಲೆ ಕೂತಿದ್ದೆ, ಆದರೆ ಕಿವಿ ಪೂರ್ತಿ ಅಲ್ಲೇ ಇತ್ತು.

ಮೊದಲನೆಯವರು ಬಂದರು. ಶಾನುಭೋಗರು ಕೊಟ್ಟವರ ಹೆಸರು ಓದಿ, ದೊಡ್ಡಪ್ಪನ ಹೆಸರಿಗೆ ಎರಡು ರೂಪಾಯಿ ಎಂದರು. ಎರಡನೆಯವರು ಬಂದರು. ದೊಡ್ಡಪ್ಪನ ಹೆಸರಿಗೆ ಮೂರು ರೂಪಾಯಿ, ಒಂದು ರವಿಕೆ ಕಣ. ಮೂರನೆಯದೂ ಹಾಗೆಯೇ. ಯಾರಿಗೂ ಕೆಟ್ಟ ಉದ್ದೇಶವಿರಲಿಲ್ಲ. ಪತ್ರಿಕೆಯನ್ನು ಎಲ್ಲರೂ ಓದಿದ್ದರು, ಅದರ ಮೇಲೆ ಬಿದ್ದು ಬಿದ್ದು ನಕ್ಕಿದ್ದರು, ತಟ್ಟೆಯ ಮುಂದೆ ಬಂದಾಗ ಮಾತ್ರ ಬಾಯಿಗೆ ಹಳೆಯ ರೂಢಿಯೇ ಬರುತ್ತಿತ್ತು. ಮೊದಲು ಆ ಹೆಸರು ಹೇಳುವವರು ತಾವಾಗುವುದು ಯಾರಿಗೂ ಬೇಕಿರಲಿಲ್ಲ.

ನಾನು ತಲೆ ಎತ್ತಿ ಹೇಳಿದೆ. "ಸ್ವಾಮಿ, ನಮ್ಮವ್ವನ ಹೆಸರಿಗೆ ಓದಿ."

ಹಸೆಯ ಮೇಲೆ ಕೂತ ಹೆಣ್ಣು ಬಾಯಿ ತೆರೆದಿದ್ದಳು. ನಮ್ಮ ಯಜಮಾನರು ನೆಲ ನೋಡುತ್ತ ಕೂತಿದ್ದರು. ಅವರು ಅವತ್ತು ಮಾಡಿದ ಉಪಕಾರ ಅದೇ, ನನ್ನನ್ನು ತಡೆಯಲಿಲ್ಲ. ಶಾನುಭೋಗರು ಲೇಖನಿ ಎತ್ತಿಕೊಂಡು ದೊಡ್ಡಪ್ಪನನ್ನು ನೋಡಿದರು. ದೊಡ್ಡಪ್ಪ ಎತ್ತಲೋ ನೋಡುತ್ತಿದ್ದರು.

"ಆಗ್ಲಮ್ಮ" ಎಂದರು ಶಾನುಭೋಗರು. "ನಿಮ್ಮವ್ವನ ಹೆಸರು ಏನು?"

ನಲವತ್ತು ವರ್ಷದಿಂದ ಆ ಬೀದಿಯ ಕಾಗದ ಪತ್ರವನ್ನೆಲ್ಲ ಬರೆದವರು ಕೇಳಿದ ಪ್ರಶ್ನೆ ಅದು. ಅವರ ತಪ್ಪಲ್ಲ. ಗಂಡನ ಮನೆಯಲ್ಲಿ ಅವ್ವನನ್ನು ಗೌಡಗೆರೆಯೋಳು ಎನ್ನುತ್ತಿದ್ದರು. ಮಂಡಿಯಲ್ಲಿ ಮೇಡಮ್ಮನ ಅವ್ವ ಎನ್ನುತ್ತಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಚಪ್ಪರದ ಹಿಂದಿನಿಂದ ಯಾರೋ ಆ ಹೆಸರನ್ನು ಹೇಳಿದರು.

ಸಿರಾದ ಬಳೆಗಾರರು. ಮುಸಲ್ಮಾನರು, ಆಗಲೇ ಗಡ್ಡ ಪೂರ್ತಿ ನೆರೆತಿತ್ತು. ತಿಂಗಳಿಗೊಮ್ಮೆ ಬಳೆಯ ಮಲಾರ ಹೊತ್ತು ನಮ್ಮ ಬೀದಿಗೆ ಬರುತ್ತಿದ್ದರು, ಹಿಂದಿನ ದಿನ ನನ್ನ ಕೈಗೆ ಹಸಿರು ಬಳೆ ತೊಡಿಸಿದವರೂ ಅವರೇ. ಜನರ ನಡುವೆ ದಾರಿ ಮಾಡಿಕೊಂಡು ಮುಂದೆ ಬಂದರು.

"ನಮ್ಮ ಬೇಟಿ ಶಾದಿಗೆ ಈಯಮ್ಮ ಸಿರಾಕ್ಕೆ ಬಂದಿದ್ರು ಸಾಮಿ. ಹೆಂಗಸರ ಕಡೆ ಕೂತು ಅವರ ಕೈಯಾರೆ ಸಲಾಮಿ, ಅದೇ ನಿಮ್ಮ ಮುಯ್ಯಿ, ಕೊಟ್ರು. ಹೆಸರು ಕೇಳಿ ಬರ್ಕೊಂಡ್ವಿ. ನಮ್ಮ ಪುಸ್ತಕದಾಗೆ ಈಯಮ್ಮನ ಹೆಸರೇ ಐತೆ, ಬೇರೆ ಯಾರ್ದೂ ಇಲ್ಲ. ನಾನು ಯಾರಿಗೆ ವಾಪಸ್ ಕೊಡ್ಲಿ?" ಎಂದು ಐದು ರೂಪಾಯಿಯ ನೋಟು ಮುಂದೆ ಹಿಡಿದರು. ಅವರ ಮದುವೆ ಮನೆಗೆ ಅವ್ವ ಹೋಗಿದ್ದು ನನಗೆ ನೆನಪಿತ್ತು. ಮುಯ್ಯಿಯನ್ನು ಅಲ್ಲಿ ತಾನೇ ಕೈಯಾರೆ ಕೊಟ್ಟಿದ್ದಳು ಎಂದು ಅವಳು ಎಂದೂ ಹೇಳಿರಲಿಲ್ಲ.

ಶಾನುಭೋಗರು ಮತ್ತೆ ದೊಡ್ಡಪ್ಪನ ಕಡೆ ನೋಡಿದರು.

"ಓದ್ರಿ, ನಂಗೇನು" ಎಂದರು ದೊಡ್ಡಪ್ಪ. ಅದಕ್ಕಿಂತ ಮೃದುವಾಗಿ ಅವರು ಆಮೇಲೆ ಎರಡು ವರ್ಷ ನನ್ನ ಜೊತೆ ಮಾತಾಡಲಿಲ್ಲ.

ಶಾನುಭೋಗರು ಬರೆದುಕೊಂಡರು. ಗಂಟಲು ಸರಿ ಮಾಡಿಕೊಂಡು ಓದಿದರು. ಸಿರಾದ ಬಳೆಗಾರರು, ವಧುವಿನ ತಾಯಿ ಇಂಥವರ ಹೆಸರಿಗೆ, ಐದು ರೂಪಾಯಿ. ಆ ಹೆಸರನ್ನು ನಾನು ಇಲ್ಲಿ ಬರೆಯುತ್ತಿಲ್ಲ. ಈ ಬರಹದಲ್ಲಿ ಯಾರ ಹೆಸರನ್ನೂ ಬರೆದಿಲ್ಲ, ಊರವರು ಯಾರು ಯಾರು ಎಂದು ಹುಡುಕಲು ಕೂರುವುದು ನನಗೆ ಬೇಡ. ಆದರೆ ಅವತ್ತು ಅದು ಚಪ್ಪರ ದಾಟಿ, ಬೀದಿ ದಾಟಿ ಕೇಳಿಸಿತು. ನನ್ನ ಕಣ್ಣು ತುಂಬಿ ಬಾಸಿಂಗವೇ ಕಾಣಿಸದಾಯಿತು.

ಅವ್ವ ಬರಲಿಲ್ಲ.

"ಬಂದು ಇಸ್ಕೊಳ್ಳಲಿ, ಕರೀರಿ" ಎಂದು ಯಾರೋ ಅಂದರು. ಶಾನುಭೋಗರು ಹೆಸರು ಹಿಡಿದು ಕೂಗಿದರು. ಮತ್ತೊಮ್ಮೆ ಕೂಗಿದರು. ನಾಚಿಕೆಯೋ, ಹೆದರಿಕೆಯೋ, ನಾನು ಮಾಡಿದ ರಂಪಕ್ಕೆ ಸಿಟ್ಟೋ ಎಂದು ನಾನು ಒದ್ದಾಡಿದೆ.

ಅದ್ಯಾವುದೂ ಅಲ್ಲ. ಹಿತ್ತಲಿನಲ್ಲಿ ಅವ್ವನ ಪಕ್ಕದಲ್ಲೇ ಪಾತ್ರೆ ತೊಳೆಯುತ್ತಿದ್ದ ಎದುರು ಮನೆಯಾಕೆ ಆಮೇಲೆ ಹೇಳಿದ್ದು. ಅವ್ವ ಹಂಡೆಯಿಂದ ನೀರು ತುಂಬುತ್ತ ಮೂರು ಸಲವೂ ಕೇಳಿಸಿಕೊಂಡಳಂತೆ. ಮೂರನೆಯ ಸಲ ಚೊಂಬು ಕೆಳಗಿಟ್ಟು, "ಅದ್ಯಾರಮ್ಮ ಆಯಮ್ಮ, ಆಗ್ಲಿಂದ ಕರೀತಾವ್ರೆ, ಹೋಗಬಾರ್ದಾ?" ಎಂದಳಂತೆ.

"ನಿನ್ನೇ ಕಣಮ್ಮ" ಎಂದರಂತೆ ಆಕೆ.

ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಅವ್ವ ಬಂದಳು. ಚಪ್ಪರದ ಕಂಬದ ಹತ್ತಿರ ನಿಂತಳು, ಒಳಗೆ ಕಾಲಿಡಲಿಲ್ಲ. ಬಳೆಗಾರರು ನೋಟು ಚಾಚಿದರು. ಅವಳು ಅದನ್ನು ನೋಡಲಿಲ್ಲ. ಶಾನುಭೋಗರ ಕೈಯಲ್ಲಿದ್ದ ಪುಸ್ತಕವನ್ನೇ ನೋಡುತ್ತ ನಿಂತಳು.

"ಸ್ವಾಮಿ," ಎಂದಳು, "ಇನ್ನೊಂದು ಸಲಿ ಓದಿ."

ಅವರು ಓದಿದರು, ಈ ಸಲ ನಿಧಾನವಾಗಿ.

"ಊಂ ಸ್ವಾಮಿ," ಎಂದಳು ಅವ್ವ. "ಅದು ನಾನೇಯ."